ಮೊಗಸಾಲೆಯ ಮಾತು: ಬ್ರಿಟಿಷ್ ಸಂಸತ್ತು ಮತ್ತು ಸಕ್ಕರೆಯ ವಣಿಕರು

ಆಳುವವರ ಬಳಿಗೆ ಹೋಗಿ ತಮ್ಮ ಕಷ್ಟವನ್ನೋ ಕೋರಿಕೆಯನ್ನೋ ನಿವೇದಿಸಿಕೊಳ್ಳುವ ಪದ್ಧತಿ ರಾಜ್ಯವ್ಯವಸ್ಥೆಯಷ್ಟೇ ಹಳೆಯದು. ಕನ್ನಡದ ಶಾಸನಗಳಲ್ಲಿ ಇದಕ್ಕೆ ‘ಬಿನ್ನಪ’ ಎಂಬ ಸುಂದರವಾದ ಹೆಸರಿದೆ. ಅರಸರ ಕಾಲ ಕಳೆದು ಶಾಸನಸಭೆಗಳ ಕಾಲ ಬಂದ ಮೇಲೆ ಬಿನ್ನಪದ ಸ್ಥಳವೂ ಬದಲಾಯಿತು. ಸಭಾಂಗಣದ ಹೊರಗಿನ ಮೊಗಸಾಲೆಗೆ ಇಂಗ್ಲಿಷಿನಲ್ಲಿ ಲಾಬಿ ಎಂದು ಹೆಸರು. ಸದಸ್ಯರನ್ನು ಅಲ್ಲಿ ಕಂಡು, ಕಾನೂನು ಹೀಗಾಗಲಿ, ಹಾಗಾಗದಿರಲಿ ಎಂದು ಒತ್ತಾಯಿಸುವ ಕಾರ್ಯಕ್ಕೂ ಕ್ರಮೇಣ ಅದೇ ಹೆಸರು ಅಂಟಿಕೊಂಡಿತು. ಇಂದು ‘ಲಾಬಿ’ ಎಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು ಹಣ, ವಶೀಲಿ, ಮುಚ್ಚಿದ ಬಾಗಿಲು. ಆದರೆ ನೊಂದವರ ಪರವಾಗಿ ಸಹಿ ಸಂಗ್ರಹಿಸಿ ಸಭೆಗೆ ಒಪ್ಪಿಸುವುದೂ ಲಾಬಿಯೇ ಅಲ್ಲವೆ? ಬಿನ್ನಪ ಎಲ್ಲಿ ಮುಗಿಯುತ್ತದೆ, ವಶೀಲಿ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಸಲು ಇತಿಹಾಸದ ಒಂದು ಪ್ರಕರಣ ವಿಶೇಷವಾಗಿ ನೆರವಾಗುತ್ತದೆ. ಅದು 1787ರಿಂದ 1838ರವರೆಗೆ ಬ್ರಿಟನ್ನಿನ ಸಂಸತ್ತಿನ ಒಳಗೂ ಹೊರಗೂ ನಡೆದ ಗುಲಾಮಗಿರಿಯ ವಿವಾದ.

ಸಕ್ಕರೆಯ ಸಂಪತ್ತು

ಹದಿನೆಂಟನೆಯ ಶತಮಾನದ ಬ್ರಿಟನ್ನಿಗೆ ಸಕ್ಕರೆಯೆಂದರೆ ಇಂದಿನ ಪೆಟ್ರೋಲಿಯಂ ಇದ್ದಂತೆ. ಜಮೈಕಾ, ಬಾರ್ಬಡೋಸ್ ಮೊದಲಾದ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಸೆರೆಹಿಡಿದು ತಂದ ಸ್ತ್ರೀಪುರುಷರು. ಇಡೀ ಅಟ್ಲಾಂಟಿಕ್ ವ್ಯಾಪಾರದಲ್ಲಿ ಸುಮಾರು 1 ಕೋಟಿ 25 ಲಕ್ಷ ಮಂದಿಯನ್ನು ಹಡಗಿಗೆ ಏರಿಸಲಾಯಿತೆಂದೂ, ಅದರಲ್ಲಿ ಬ್ರಿಟಿಷ್ ಹಡಗುಗಳ ಪಾಲು 30 ಲಕ್ಷಕ್ಕೂ ಮಿಗಿಲೆಂದೂ ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಅವರನ್ನು ಸರಕೆಂದೇ ಭಾವಿಸಲಾಗಿತ್ತು ಎಂಬುದಕ್ಕೆ 1781ರ ಜಾಂಗ್ ಹಡಗಿನ ಘಟನೆ ಸಾಕ್ಷಿ. ನೀರು ಸಾಲದೆಂಬ ನೆಪದಲ್ಲಿ ಆ ಹಡಗಿನವರು 130ಕ್ಕೂ ಹೆಚ್ಚು ಮಂದಿ ಸೆರೆಯಾಳುಗಳನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಬಳಿಕ ಹಡಗಿನ ಒಡೆಯರು ನಷ್ಟವಾದ ‘ಸರಕಿಗೆ’ ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಈ ವಿಷಯ ಬಂದಾಗ ಅದು ಕೊಲೆಯ ಮೊಕದ್ದಮೆಯಾಗಿರಲಿಲ್ಲ, ವಿಮೆಯ ವ್ಯಾಜ್ಯವಾಗಿತ್ತು.

ಇಂತಹ ವ್ಯಾಪಾರ ನಿರಾತಂಕವಾಗಿ ನಡೆಯಬೇಕಾದರೆ ಕಾನೂನಿನ ಆಶ್ರಯ ಬೇಕು. ಅದಕ್ಕೆ ಕಾನೂನು ಮಾಡುವವರ ಸಖ್ಯ ಬೇಕು. ಸಕ್ಕರೆಯ ವಣಿಕರು ಇದನ್ನು ಬಹಳ ಮುಂಚೆಯೇ ಅರಿತಿದ್ದರು. ತೋಟಗಳ ಒಡೆಯರಲ್ಲಿ ಅನೇಕರು ದ್ವೀಪಗಳಲ್ಲಿ ವಾಸಿಸುತ್ತಲೇ ಇರಲಿಲ್ಲ. ಬ್ರಿಟನ್ನಿನಲ್ಲಿ ಭವ್ಯ ಸೌಧಗಳನ್ನು ಕಟ್ಟಿಸಿಕೊಂಡು, ಕೆಲವೇ ಮತದಾರರಿದ್ದ ಪುಟ್ಟ ಕ್ಷೇತ್ರಗಳನ್ನು ಹಣ ತೆತ್ತು ಪಡೆದು, ಸ್ವತಃ ಸಂಸತ್ತಿನ ಸದಸ್ಯರಾಗಿದ್ದರು. ಜಮೈಕಾದ ತೋಟಗಳ ಒಡೆಯನಾಗಿದ್ದ ವಿಲಿಯಂ ಬೆಕ್‌ಫರ್ಡ್ ಎರಡು ಬಾರಿ ಲಂಡನ್ನಿನ ಮೇಯರ್ ಪದವಿಗೇರಿದನು. ವಣಿಕರೂ ತೋಟಗಾರರೂ ಕೂಡಿ ಲಂಡನ್ನಿನಲ್ಲಿ ಸಂಘ ಕಟ್ಟಿಕೊಂಡರು. ಇದಲ್ಲದೆ ದ್ವೀಪಗಳ ಶಾಸನಸಭೆಗಳು ಸಂಬಳ ಕೊಟ್ಟು ಲಂಡನ್ನಿನಲ್ಲಿ ತಮ್ಮ ಪ್ರತಿನಿಧಿಗಳನ್ನು ಇರಿಸಿದ್ದವು. ಜಮೈಕಾದ ಪ್ರತಿನಿಧಿಯಾದ ಸ್ಟೀಫನ್ ಫುಲ್ಲರ್ 1764ರಿಂದ ಸುಮಾರು 30 ವರ್ಷ ಮಂತ್ರಿಗಳ ಮನೆಯ ಮೆಟ್ಟಿಲು ಹತ್ತಿ ಇಳಿದವನು.

ಇದರ ಫಲ ಅವರಿಗೆ ದೊರೆಯದೆ ಇರಲಿಲ್ಲ. ಪರದೇಶಗಳ ದ್ವೀಪಗಳಿಂದ ಅಮೆರಿಕದ ವಸಾಹತುಗಳಿಗೆ ಬರುತ್ತಿದ್ದ ಕಾಕಂಬಿಗೆ 1733ರಲ್ಲಿ ಗ್ಯಾಲನ್ನಿಗೆ 6 ಪೆನ್ಸಿನಂತೆ ಭಾರವಾದ ಸುಂಕ ಬಿತ್ತು. ಭಾರತದಿಂದ ಬರುವ ಸಕ್ಕರೆ ವೆಸ್ಟ್ ಇಂಡೀಸಿನ ಸಕ್ಕರೆಯೊಡನೆ ಸ್ಪರ್ಧಿಸದಂತೆ ಅದರ ಮೇಲೆ ಹೆಚ್ಚಿನ ಸುಂಕವಿತ್ತು. ಬಂಗಾಳದ ಸಕ್ಕರೆಗೆ ಸಮಾನ ಸುಂಕ ದೊರೆತದ್ದು 1836ರಲ್ಲಿ. ಅಲ್ಲಿಯವರೆಗೆ ಬ್ರಿಟನ್ನಿನ ಪ್ರತಿಯೊಬ್ಬ ಗೃಹಸ್ಥನೂ ತನಗೆ ತಿಳಿಯದಂತೆಯೇ ಆ ತೋಟಗಾರರಿಗೆ ಕಪ್ಪ ಸಲ್ಲಿಸುತ್ತಿದ್ದನು.

ಅಚ್ಚುಕೂಟದಲ್ಲಿ ಕೂಡಿದ ಹನ್ನೆರಡು ಮಂದಿ

1787ರ ಮೇ 22ರಂದು ಲಂಡನ್ನಿನ ಜಾರ್ಜ್ ಯಾರ್ಡಿನ ಒಂದು ಅಚ್ಚುಕೂಟದಲ್ಲಿ 12 ಮಂದಿ ಸಭೆ ಸೇರಿದರು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದು ಅವರ ಗುರಿ. ಅವರಲ್ಲಿ 9 ಮಂದಿ ಕ್ವೇಕರ್ ಪಂಥದವರು. ಆಣೆ ಪ್ರಮಾಣ ಮಾಡಲು ಒಪ್ಪದ ಅವರಿಗೆ ಆಗ ಸಂಸತ್ತಿನಲ್ಲಿ ಕುಳಿತುಕೊಳ್ಳುವ ಅವಕಾಶವೇ ಇರಲಿಲ್ಲ. ಅಧಿಕಾರವಿಲ್ಲದ, ಪದವಿಯಿಲ್ಲದ ಅಲ್ಪಸಂಖ್ಯಾತರ ಒಂದು ಗುಂಪು ರಾಷ್ಟ್ರದ ಅತ್ಯಂತ ಬಲಿಷ್ಠ ಹಿತಾಸಕ್ತಿಯ ಎದುರು ನಿಂತಿತು. ಅವರ ಪರವಾಗಿ ಸಂಸತ್ತಿನಲ್ಲಿ ಮಾತನಾಡಲು ಒಪ್ಪಿದವನು ವಿಲಿಯಂ ವಿಲ್ಬರ್‌ಫೋರ್ಸ್.

ಆದರೆ ಕಾರ್ಯದ ಭಾರ ಬಿದ್ದದ್ದು ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣನ ಮೇಲೆ. ಈತನು 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಬಂಧ ಸ್ಪರ್ಧೆಗಾಗಿ ಗುಲಾಮಗಿರಿಯ ವಿಷಯವನ್ನು ಅಭ್ಯಾಸ ಮಾಡಿದವನು. ಬಹುಮಾನ ದೊರೆಯಿತು, ಆದರೆ ಓದಿದ ಸಂಗತಿಗಳು ಅವನನ್ನು ನಿದ್ರೆಗೆಡಿಸಿದವು. ಅವನು ಕುದುರೆಯೇರಿ ಬಂದರಿನಿಂದ ಬಂದರಿಗೆ ತಿರುಗಿದನು. ಗುಲಾಮರ ಹಡಗಿನಲ್ಲಿ ದುಡಿದ ನಾವಿಕರನ್ನು ಹುಡುಕಿ ಹೇಳಿಕೆ ಪಡೆದನು. ಈ ವ್ಯಾಪಾರ ನೌಕಾಬಲಕ್ಕೆ ತರಬೇತಿ ಶಾಲೆಯೆಂದು ವಣಿಕರು ಹೇಳುತ್ತಿದ್ದರು. ಕ್ಲಾರ್ಕ್‌ಸನ್ ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನು ತಾಳೆ ನೋಡಿ, ಅದು ಶಾಲೆಯಲ್ಲ, ನಾವಿಕರ ಸ್ಮಶಾನವೆಂದು ತೋರಿಸಿಕೊಟ್ಟನು. ಲಿವರ್‌ಪೂಲಿನ ಅಂಗಡಿಯೊಂದರಲ್ಲಿ ಕೈಕೋಳ, ಕಾಲಬೇಡಿ, ಹೆಬ್ಬೆರಳನ್ನು ಹಿಸುಕುವ ಯಂತ್ರ, ಉಪವಾಸ ಹೂಡಿದ ಸೆರೆಯಾಳಿನ ಬಾಯನ್ನು ಬಲವಂತವಾಗಿ ತೆರೆಯುವ ಉಪಕರಣಗಳನ್ನು ಕೊಂಡು ತಂದನು. ಅದೇ ಊರಿನ ಕಟ್ಟೆಯ ಮೇಲೆ ಅವನನ್ನು ನೀರಿಗೆ ತಳ್ಳುವ ಪ್ರಯತ್ನವೂ ನಡೆಯಿತು.

ಅವನು ಹೋದಲ್ಲೆಲ್ಲ ಒಂದು ಪೆಟ್ಟಿಗೆಯನ್ನು ಒಯ್ಯುತ್ತಿದ್ದುದು ಪ್ರಸಿದ್ಧ. ಅದರಲ್ಲಿ ಆಫ್ರಿಕದ ನೇಯ್ಗೆ, ಸಾಂಬಾರ ಪದಾರ್ಥ, ಬಣ್ಣದ ಮರದ ತುಂಡುಗಳು ಇದ್ದವು. ಆ ನಾಡಿನೊಡನೆ ಮನುಷ್ಯರನ್ನು ಕೊಳ್ಳದೆ ಬೇರೆ ಪ್ರಾಮಾಣಿಕ ವ್ಯಾಪಾರ ಸಾಧ್ಯವೆಂಬುದನ್ನು ಅವನು ಹೀಗೆ ಕಣ್ಣಿಗೆ ಕಾಣಿಸುತ್ತಿದ್ದನು. ವ್ಯಾಪಾರವನ್ನೇ ನಿಂದಿಸದೆ, ಅಧರ್ಮದ ವ್ಯಾಪಾರದ ಬದಲಿಗೆ ಧರ್ಮದ ವ್ಯಾಪಾರವನ್ನು ಮುಂದಿಟ್ಟ ಈ ಕ್ರಮ ಗಮನಾರ್ಹವಾದುದು.

1788ರ ಕೊನೆಯಲ್ಲಿ ಪ್ಲಿಮತ್ತಿನ ಸಮಿತಿಯು ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆಯನ್ನು ಅಚ್ಚು ಹಾಕಿಸಿತು. ಆ ವರ್ಷ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ ಆ ಹಡಗಿನಲ್ಲಿ 454 ಮಂದಿಗೆ ಅನುಮತಿಯಿತ್ತು. ಅದಕ್ಕೆ ಮುಂಚೆ ಅದು 609 ಮಂದಿಯನ್ನು ಒಯ್ದದ್ದೂ ಉಂಟು. ಲಂಡನ್ ಸಮಿತಿ ಅದನ್ನು ವಿಸ್ತರಿಸಿ 1789ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ 482 ಆಕೃತಿಗಳು ಮಗ್ಗುಲು ಬದಲಿಸಲೂ ಎಡೆಯಿಲ್ಲದಂತೆ ಒತ್ತಾಗಿ ಮಲಗಿರುವುದು ಕಾಣುತ್ತದೆ. ಆ ಹಾಳೆಯಲ್ಲಿ ಅಲಂಕಾರವಿಲ್ಲ, ಉತ್ಪ್ರೇಕ್ಷೆಯಿಲ್ಲ. ಅಳತೆ ಮಾತ್ರ ಇದೆ. ಸಾವಿರ ಭಾಷಣಗಳು ಮಾಡದ ಕೆಲಸವನ್ನು ಅದು ಮಾಡಿತು. ಅದೇ 1789ರಲ್ಲಿ, ತಾನೇ ಗುಲಾಮನಾಗಿದ್ದು ಹಣ ತೆತ್ತು ಬಿಡುಗಡೆ ಪಡೆದಿದ್ದ ಒಲೌಡಾ ಈಕ್ವಿಯಾನೊ ತನ್ನ ಆತ್ಮಕಥೆಯನ್ನು ಪ್ರಕಟಿಸಿ ಊರೂರು ಸುತ್ತಿದನು. ನೊಂದವನೇ ಸಾಕ್ಷಿಯಾಗಿ ಜನರ ಎದುರು ನಿಂತನು.

ವಿಳಂಬವೆಂಬ ಆಯುಧ

ವಣಿಕರ ಪಕ್ಷವೂ ಸುಮ್ಮನೆ ಕುಳಿತಿರಲಿಲ್ಲ. ಈ ವ್ಯಾಪಾರ ನಿಂತರೆ ಬೊಕ್ಕಸ ಬರಿದಾಗುವುದು, ಬಂದರುಗಳು ಹಾಳು ಬೀಳುವುವು, ಬ್ರಿಟನ್ ಬಿಟ್ಟದ್ದನ್ನು ಫ್ರಾನ್ಸ್ ಎತ್ತಿಕೊಳ್ಳುವುದು ಎಂಬ ಮಾತುಗಳನ್ನು ಅವರು ಹರಡಿದರು. ಗುಲಾಮರೆಂಬ ಪದವನ್ನೇ ಬಿಟ್ಟು ‘ಸಹಾಯಕ ತೋಟಗಾರರು’ ಎಂದು ಕರೆದರೆ ಗದ್ದಲ ತಾನಾಗಿ ಅಡಗುವುದೆಂದು ಒಬ್ಬ ಲೇಖಕನು ಸಲಹೆ ಕೊಟ್ಟನು. ಪಾಪಕ್ಕೆ ಹೊಸ ಹೆಸರಿಟ್ಟರೆ ಪಾಪ ಅಳಿಯುವುದೆಂಬ ಭ್ರಮೆ ಆ ಕಾಲಕ್ಕೆ ಮಾತ್ರ ಸೀಮಿತವಲ್ಲ. ರಾಜಪುತ್ರನಾದ ಕ್ಲಾರೆನ್ಸ್ ಡ್ಯೂಕನು ಪ್ರಭುಗಳ ಸಭೆಯಲ್ಲಿ ಅವರ ಪರವಾಗಿಯೇ ಮಾತನಾಡಿದನು.

ಆದರೆ ಅವರ ಬಲವಾದ ಆಯುಧ ವಾದವಲ್ಲ, ವಿಳಂಬ. 1789ರ ಮೇ 12ರಂದು ವಿಲ್ಬರ್‌ಫೋರ್ಸ್ ವಿಷಯವನ್ನು ಸಭೆಯ ಮುಂದಿಟ್ಟಾಗ, ಸಭೆ ತಾನೇ ಸಾಕ್ಷಿಗಳನ್ನು ವಿಚಾರಿಸಬೇಕೆಂದು ಅವರು ಹಟ ಹಿಡಿದರು. ವಿಚಾರಣೆ ಎರಡು ವರ್ಷ ಎಳೆಯಿತು. 1791ರ ಏಪ್ರಿಲ್‌ನಲ್ಲಿ ಮತ ಎಣಿಸಿದಾಗ ನಿಷೇಧದ ಪರ 88, ವಿರುದ್ಧ 163.

ಮರುವರ್ಷ ದೇಶದ ಮೂಲೆಮೂಲೆಗಳಿಂದ 519 ಮನವಿಗಳು ಸಂಸತ್ತಿಗೆ ಬಂದವು. ಸಹಿ ಹಾಕಿದವರು ಸುಮಾರು 3 ಲಕ್ಷ 90 ಸಾವಿರ ಮಂದಿ. ಅವರಲ್ಲಿ ಬಹುಮಂದಿಗೆ ಮತದಾನದ ಹಕ್ಕೇ ಇರಲಿಲ್ಲ. ಇಷ್ಟೊಂದು ಜನರ ಮಾತನ್ನು ನೇರವಾಗಿ ನಿರಾಕರಿಸುವುದು ಸದಸ್ಯರಿಗೆ ಕಷ್ಟವಾಯಿತು. ಆಗ ಮಂತ್ರಿ ಹೆನ್ರಿ ಡುಂಡಾಸ್ ಒಂದು ಮಧ್ಯಮಾರ್ಗ ಸೂಚಿಸಿದನು: ನಿಷೇಧವಾಗಲಿ, ಆದರೆ ‘ಕ್ರಮೇಣ’ ಆಗಲಿ. 1792ರ ಏಪ್ರಿಲ್‌ನಲ್ಲಿ ಆ ಒಂದು ಪದದೊಡನೆ ನಿರ್ಣಯ 230 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದವು 85. ಜನ ಗೆದ್ದೆವೆಂದುಕೊಂಡರು. ವಾಸ್ತವವಾಗಿ ವ್ಯಾಪಾರ ಮತ್ತೆ 15 ವರ್ಷ ನಡೆಯಿತು. 1796ರಲ್ಲಿ ಇನ್ನೊಂದು ಮಸೂದೆ 70ಕ್ಕೆ 74 ಮತಗಳಿಂದ ಸೋತಿತು. ಅದರ ಬೆಂಬಲಿಗರಲ್ಲಿ ಕೆಲವರು ಅಂದಿನ ರಾತ್ರಿ ಹೊಸ ಸಂಗೀತ ನಾಟಕ ನೋಡಲು ಹೋಗಿದ್ದರು. ವಿರೋಧಿಗಳ ದ್ವೇಷಕ್ಕಿಂತ ಸಜ್ಜನರ ಪ್ರಮಾದ ಎಷ್ಟು ಘೋರವಾಗಬಲ್ಲುದೆಂಬುದಕ್ಕೆ ಈ ನಾಲ್ಕು ಮತಗಳೇ ನಿದರ್ಶನ.

ಗೃಹಿಣಿಯ ನಿರ್ಧಾರ

ಸಂಸತ್ತು ಕೈಬಿಟ್ಟಾಗ ಪ್ರಶ್ನೆ ಅಡಿಗೆಮನೆಗೆ ಬಂದಿತು. 1791ರಲ್ಲಿ ವಿಲಿಯಂ ಫಾಕ್ಸ್ ಎಂಬಾತನು ಬರೆದ ಕಿರುಹೊತ್ತಗೆಯೊಂದು ಸರಳವಾದ ತರ್ಕವನ್ನು ಮುಂದಿಟ್ಟಿತು: ಕೊಳ್ಳುವವರಿಲ್ಲದಿದ್ದರೆ ತೋಟವಿಲ್ಲ, ತೋಟವಿಲ್ಲದಿದ್ದರೆ ಗುಲಾಮರ ಹಡಗಿಲ್ಲ, ಆದುದರಿಂದ ಸಕ್ಕರೆ ಕೊಳ್ಳುವವನೂ ಈ ಹಿಂಸೆಯಲ್ಲಿ ಪಾಲುದಾರ. ಲಕ್ಷಾಂತರ ಮಂದಿ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ತೊರೆದರು. ಮತವಿಲ್ಲದ ಸ್ತ್ರೀಯರು ಈ ತ್ಯಾಗದ ಮುಂಚೂಣಿಯಲ್ಲಿದ್ದರು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಬಲ್ಲ ಓದುಗರಿಗೆ ಈ ವಾದ ಹೊಸದೆನಿಸಲಾರದು. ತಾನು ಹೊಡೆಯಲಿಲ್ಲ, ಹೊಡೆಯಿರೆಂದು ಹೇಳಲೂ ಇಲ್ಲ. ಆದರೆ ಹೊಡೆತದಿಂದ ಬಂದ ವಸ್ತುವನ್ನು ಸಂತೋಷದಿಂದ ಕೊಂಡೆನೆಂದರೆ ಪಾಲು ತಪ್ಪೀತೆ? ಸಾವಿರಾರು ಮೈಲಿ ದೂರದ, ಬೇರೆ ಪರಂಪರೆಯ ಜನ ತಮ್ಮ ವಿವೇಚನೆಯಿಂದಲೇ ಈ ನಿಲುವಿಗೆ ಬಂದರೆಂಬುದು ಮನನೀಯ. ಇನ್ನೊಬ್ಬರನ್ನು ತಿದ್ದುವ ಮನವಿಗೆ ಸಹಿ ಹಾಕುವ ಮುನ್ನ ತನ್ನ ತಟ್ಟೆಯನ್ನು ತಿದ್ದಿಕೊಂಡವನ ಮಾತಿಗೆ ತೂಕ ಹೆಚ್ಚು.

1806ರ ಉಪಾಯ

ಫ್ರಾನ್ಸಿನೊಡನೆ ಯುದ್ಧ ಆರಂಭವಾದ ಮೇಲೆ ಜನಾಂದೋಲನ ಮಂಕಾಯಿತು. ಸುಧಾರಣೆಯ ಮಾತೆತ್ತಿದವರನ್ನು ದೇಶದ್ರೋಹಿಗಳೆಂದು ಶಂಕಿಸುವ ಕಾಲ ಅದು. ಆಗ ನ್ಯಾಯವಾದಿ ಜೇಮ್ಸ್ ಸ್ಟೀಫನ್ ಒಂದು ಉಪಾಯ ಹೂಡಿದನು. ಶತ್ರುದೇಶಗಳ ಹಾಗೂ ಪರದೇಶಗಳ ವಸಾಹತುಗಳಿಗೆ ಬ್ರಿಟಿಷರು ಗುಲಾಮರನ್ನು ಒದಗಿಸಬಾರದೆಂಬ ಮಸೂದೆಯನ್ನು 1806ರಲ್ಲಿ ಯುದ್ಧಕಾಲದ ಕ್ರಮವೆಂಬ ರೂಪದಲ್ಲಿ ಮಂಡಿಸಲಾಯಿತು. ಅದರಲ್ಲಿ ದಯೆಯ ಮಾತಿರಲಿಲ್ಲ. ಶತ್ರುವಿಗೆ ನೆರವಾಗಬಾರದೆಂಬ ಮಾತಿತ್ತು. ವಿಲ್ಬರ್‌ಫೋರ್ಸ್ ಬೇಕೆಂದೇ ಹಿಂದೆ ಸರಿದು ನಿಂತನು. ವಿರೋಧಿಗಳು ಅದರ ಅರ್ಥವನ್ನು ಪೂರ್ತಿಯಾಗಿ ಗ್ರಹಿಸುವ ಮೊದಲೇ ಮಸೂದೆ ಕಾನೂನಾಯಿತು. ವ್ಯಾಪಾರದ ಬಹುಭಾಗ ಅದರಿಂದಲೇ ಕಡಿದುಹೋಯಿತು. ಮರುವರ್ಷದ ಫೆಬ್ರುವರಿ 23ರಂದು ಪೂರ್ಣ ನಿಷೇಧದ ಪರ 283, ವಿರುದ್ಧ ಕೇವಲ 16 ಮತಗಳು ಬಂದವು. 1807ರ ಮಾರ್ಚ್ 25ರಂದು ರಾಜಮುದ್ರೆ ದೊರೆಯಿತು.

ಸತ್ಕಾರ್ಯಕ್ಕಾಗಿ ಉದ್ದೇಶವನ್ನು ಮರೆಮಾಡಬಹುದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸ್ಟೀಫನ್ ಸುಳ್ಳು ಹೇಳಲಿಲ್ಲ. ಮಸೂದೆಯ ಪ್ರತಿಯೊಂದು ಪದವೂ ಎಲ್ಲರ ಕಣ್ಣಮುಂದಿತ್ತು. ಆದರೆ ಸತ್ಯದ ಒಂದು ಮುಖವನ್ನು ಮಾತ್ರ ತೋರಿಸಲಾಯಿತು. ಫಲ ಒಳ್ಳೆಯದಾಯಿತೆಂದು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಏಕೆಂದರೆ ಇದೇ ಕೌಶಲ ಮುಂದೆ ಎದುರು ಪಕ್ಷದ ಕೈಯಲ್ಲೂ ಕಾಣಿಸಿಕೊಂಡಿತು.

ಪರಿಹಾರ ಯಾರಿಗೆ?

1807ರಲ್ಲಿ ನಿಂತದ್ದು ವ್ಯಾಪಾರ ಮಾತ್ರ, ಗುಲಾಮಗಿರಿಯಲ್ಲ. ದ್ವೀಪಗಳಲ್ಲಿ ಆಗಲೇ ಇದ್ದವರ ಬೇಡಿ ಹಾಗೆಯೇ ಇತ್ತು. 1823ರಲ್ಲಿ ಹೊಸ ಸಂಘವೊಂದು ಹುಟ್ಟಿತಾದರೂ ಅದರ ನಾಯಕರು ಮತ್ತೆ ‘ಕ್ರಮೇಣ’ ಎಂಬ ಪದಕ್ಕೇ ಜೋತುಬಿದ್ದಿದ್ದರು. ಲೆಸ್ಟರ್ ನಗರದ ಎಲಿಜಬೆತ್ ಹೇರಿಕ್ ಎಂಬ ಮಹಿಳೆ 1824ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಅನ್ಯಾಯವನ್ನು ಕಂತುಗಳಲ್ಲಿ ಬಿಡಲಾಗದು, ತಕ್ಷಣವೇ ಬಿಡಬೇಕೆಂದು ವಾದಿಸಿದಳು. ಇತ್ತ ವೆಸ್ಟ್ ಇಂಡೀಸಿನ ವಣಿಕರು ‘ಸಾಹಿತ್ಯ ಸಮಿತಿ’ಯೊಂದನ್ನು ರಚಿಸಿ, ಹಣ ಕೂಡಿಸಿ, ಪತ್ರಿಕೆಗಳಿಗೂ ಲೇಖಕರಿಗೂ ಹಂಚಿ, ಗುಲಾಮರು ಸುಖವಾಗಿದ್ದಾರೆಂದು ಬರೆಸಿದರು.

ಆ ‘ಸುಖ’ದ ನಿಜಸ್ವರೂಪ 1831ರ ಕೊನೆಯಲ್ಲಿ ಬಯಲಾಯಿತು. ಜಮೈಕಾದಲ್ಲಿ ಸ್ಯಾಮ್ಯುಯೆಲ್ ಶಾರ್ಪ್‌ನ ಮುಂದಾಳುತನದಲ್ಲಿ ಸಾವಿರಾರು ಗುಲಾಮರು ಕೂಲಿಯಿಲ್ಲದೆ ದುಡಿಯೆವೆಂದು ನಿಂತರು. ಮುಷ್ಕರ ದಂಗೆಯಾಯಿತು, ನೂರಾರು ಮಂದಿ ಗಲ್ಲಿಗೇರಿದರು, 1832ರಲ್ಲಿ ಶಾರ್ಪ್‌ನೂ ಗಲ್ಲಿಗೇರಿದನು. ಅದೇ ವರ್ಷ ಸಂಸತ್ತಿನ ಸುಧಾರಣೆಯಾಗಿ, ಹಣಕ್ಕೆ ಮಾರಾಟವಾಗುತ್ತಿದ್ದ ಅನೇಕ ಕ್ಷೇತ್ರಗಳು ರದ್ದಾದವು. ಅವುಗಳೊಡನೆ ಸಕ್ಕರೆಯ ಪಕ್ಷದ ಅನೇಕ ಆಸನಗಳೂ ಹೋದವು. 1833ರಲ್ಲಿ 5,000ಕ್ಕೂ ಹೆಚ್ಚು ಮನವಿಗಳು ಬಂದವು. ಸ್ತ್ರೀಯರದೇ ಒಂದು ಮನವಿಯಲ್ಲಿ 1 ಲಕ್ಷ 87 ಸಾವಿರ ಸಹಿಗಳಿದ್ದವು. ಆಗಸ್ಟ್ 28ರಂದು ವಿಮೋಚನೆಯ ಕಾನೂನಿಗೆ ರಾಜಮುದ್ರೆ ದೊರೆಯಿತು.

ಆದರೆ ಮೊಗಸಾಲೆಯ ಮಾತು ಇಲ್ಲಿಗೆ ನಿಲ್ಲಲಿಲ್ಲ. ಸೋತ ಪಕ್ಷ ಸೋಲಿನ ಷರತ್ತುಗಳನ್ನು ತಾನೇ ಬರೆಸಿಕೊಂಡಿತು. ಸುಮಾರು 8 ಲಕ್ಷ ಗುಲಾಮರ ಬಿಡುಗಡೆಗಾಗಿ ಒಡೆಯರಿಗೆ 2 ಕೋಟಿ ಪೌಂಡುಗಳ ಪರಿಹಾರ ನಿಗದಿಯಾಯಿತು. ಇದು ಸರ್ಕಾರದ ಆಗಿನ ವಾರ್ಷಿಕ ವೆಚ್ಚದ ಸುಮಾರು ಶೇ. 40ರಷ್ಟು. ಇದಕ್ಕಾಗಿ ಎತ್ತಿದ ಸಾಲದ ಕೊನೆಯ ಅಂಶ ತೀರಿದ್ದು 2015ರಲ್ಲಿ ಎಂದು ಬ್ರಿಟನ್ನಿನ ಖಜಾನೆಯೇ ತಿಳಿಸಿದೆ. ತಲೆಮಾರುಗಳ ಕಾಲ ದುಡಿದು ಸವೆದ ಗುಲಾಮರಿಗೆ ದೊರೆತ ಪರಿಹಾರ ಒಂದು ಪೆನ್ನಿಯೂ ಇಲ್ಲ. ಅಷ್ಟೇ ಅಲ್ಲದೆ ಅವರು ‘ತರಬೇತಿ’ಯ ಹೆಸರಿನಲ್ಲಿ ಇನ್ನೂ ಕೆಲವು ವರ್ಷ ಹಳೆಯ ಒಡೆಯರಿಗೇ ದುಡಿಯಬೇಕಾಯಿತು. ಆ ಏರ್ಪಾಡು ಮತ್ತೆ ಜನರ ಒತ್ತಾಯದಿಂದ 1838ರ ಆಗಸ್ಟ್ 1ರಂದು ಕೊನೆಗೊಂಡಿತು. ಆ ಕಾನೂನಿನಿಂದ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಭಾರತವನ್ನು ಹೊರಗಿಡಲಾಗಿತ್ತು. ಇಲ್ಲಿ ದಾಸ್ಯಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ.

ಕಲ್ಕತ್ತೆಯಿಂದ ಹೊರಟ ಹಡಗುಗಳು

ಪರಿಹಾರ ಪಡೆದವರಲ್ಲಿ ಲಿವರ್‌ಪೂಲಿನ ವಣಿಕ ಜಾನ್ ಗ್ಲ್ಯಾಡ್‌ಸ್ಟನ್ ಪ್ರಮುಖನು. 2,508 ಗುಲಾಮರ ಲೆಕ್ಕದಲ್ಲಿ ಅವನಿಗೆ 1 ಲಕ್ಷ ಪೌಂಡಿಗೂ ಹೆಚ್ಚು ಹಣ ಸಂದಿತು. ಮುಂದೆ ಪ್ರಧಾನಿಯಾದ ಅವನ ಮಗ ವಿಲಿಯಂ ಗ್ಲ್ಯಾಡ್‌ಸ್ಟನ್ 1833ರಲ್ಲಿ ಸಂಸತ್ತಿನಲ್ಲಿ ತಂದೆಯ ತೋಟದ ಆಡಳಿತವನ್ನು ಸಮರ್ಥಿಸಿ ಮಾತನಾಡಿದ್ದನು. ಬಿಡುಗಡೆಯಾದ ಗುಲಾಮರ ಸ್ಥಾನಕ್ಕೆ ಅಗ್ಗದ ಆಳುಗಳನ್ನು ಹುಡುಕುತ್ತಿದ್ದ ತಂದೆ 1836ರಲ್ಲಿ ಕಲ್ಕತ್ತೆಯ ವ್ಯಾಪಾರಿ ಸಂಸ್ಥೆಯೊಂದಕ್ಕೆ ಪತ್ರ ಬರೆದನು. ಸರ್ಕಾರದ ಅನುಮತಿಯನ್ನೂ ಸಂಪಾದಿಸಿದನು. 1838ರ ಜನವರಿಯಲ್ಲಿ ‘ಹೆಸ್ಪರಸ್’ ಮತ್ತು ‘ವಿಟ್ಬಿ’ ಎಂಬ ಎರಡು ಹಡಗುಗಳು ಭಾರತದ ಕೂಲಿಗಳನ್ನು ಹೊತ್ತು ಕಲ್ಕತ್ತೆಯಿಂದ ಹೊರಟವು. ಮೇ 5ರಂದು ಬ್ರಿಟಿಷ್ ಗಯಾನಾ ತಲುಪಿದವರು 396 ಮಂದಿ. ಗುಲಾಮಗಿರಿ ಎಂಬ ಹೆಸರು ಅಳಿದು ‘ಕರಾರು’ ಎಂಬ ಹೊಸ ಹೆಸರು ಬಂದಿತ್ತು.

ಕೂಲಿಗಳ ದುರವಸ್ಥೆಯ ಸುದ್ದಿ ಹರಡಿ ಈ ಸಾಗಣೆಗೆ ಸ್ವಲ್ಪ ಕಾಲ ತಡೆ ಬಿದ್ದಿತಾದರೂ, ತೋಟಗಾರರ ಒತ್ತಾಯಕ್ಕೆ ಮಣಿದ ಸರ್ಕಾರ 1844ರಲ್ಲಿ ವೆಸ್ಟ್ ಇಂಡೀಸಿನ ದಾರಿಯನ್ನು ಪುನಃ ತೆರೆಯಿತು. ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಗೋಪಾಲಕೃಷ್ಣ ಗೋಖಲೆಯವರು 1912ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಈ ಪದ್ಧತಿಯ ರದ್ದಿಗೆ ನಿರ್ಣಯ ಮಂಡಿಸಿದಾಗ ಅದು ಸೋತಿತು. 1916ರಲ್ಲಿ ಪಂಡಿತ ಮದನಮೋಹನ ಮಾಳವೀಯರ ನಿರ್ಣಯವನ್ನು ಸರ್ಕಾರ ಒಪ್ಪಿತು. 1917ರಲ್ಲಿ ಸಾಗಣೆ ನಿಂತಿತು. ಅಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದ್ದರು.

ವಿವೇಚನೆ

ಈ ದೀರ್ಘ ಕಥನದಲ್ಲಿ ಎರಡೂ ಪಕ್ಷಗಳು ಸಂಘ ಕಟ್ಟಿದವು, ಹಣ ಕೂಡಿಸಿದವು, ಕರಪತ್ರ ಅಚ್ಚು ಹಾಕಿಸಿದವು, ಸದಸ್ಯರ ಮನೆಗೆ ಹೋದವು. ಹೊರನೋಟಕ್ಕೆ ಸಾಧನಗಳು ಒಂದೇ. ಹಾಗಾದರೆ ಭೇದವೆಲ್ಲಿ?

ಮೊದಲನೆಯದಾಗಿ, ಒಂದು ಪಕ್ಷ ತನ್ನ ಸಾಕ್ಷ್ಯವನ್ನು ಎಲ್ಲರ ಕಣ್ಣೆದುರು ಇರಿಸಿತು. ಬ್ರೂಕ್ಸ್ ಹಡಗಿನ ಅಳತೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಇನ್ನೊಂದು ಪಕ್ಷದ ಬಲವಿದ್ದದ್ದು ಕೊಂಡ ಕ್ಷೇತ್ರಗಳಲ್ಲಿ, ಕೊಂಡ ಲೇಖನಿಗಳಲ್ಲಿ. ಯಾರ ಹಣ ಯಾರಿಗೆ ಹೋಯಿತೆಂಬುದನ್ನು ಪ್ರಜೆಗಳು ತಿಳಿಯಬೇಕೆಂಬ ತತ್ತ್ವಕ್ಕೆ ಕಾನೂನಿನ ರೂಪ ಬರಲು ಬಹುಕಾಲ ಹಿಡಿಯಿತು. ಲಾಬಿಗಾರರು ಹೆಸರು ನೋಂದಾಯಿಸಬೇಕೆಂಬ ನಿಯಮ ಅಮೆರಿಕದಲ್ಲಿ 1946ರಲ್ಲಿ ಬಂದು 1995ರಲ್ಲಿ ಬಿಗಿಯಾಯಿತು. ಬ್ರಿಟನ್ನಿನಲ್ಲಿ 2014ರಲ್ಲಿ ಬಂದಿತು. ಭಾರತದಲ್ಲಿ ದಾನಿಯ ಹೆಸರನ್ನು ಮರೆಯಲ್ಲಿರಿಸುತ್ತಿದ್ದ ಚುನಾವಣಾ ಬಾಂಡುಗಳ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರುವರಿ 15ರಂದು ರದ್ದುಗೊಳಿಸಿದುದೂ ಇದೇ ತತ್ತ್ವದ ಮೇಲೆ.

ಎರಡನೆಯದಾಗಿ, ಒಂದು ಪಕ್ಷ ಕೇಳಿದ್ದು ತನ್ನ ಲಾಭವನ್ನಲ್ಲ. ಸಕ್ಕರೆ ಬಿಟ್ಟ ಗೃಹಿಣಿಗೆ, ಸಹಿ ಹಾಕಿದ ನೇಕಾರನಿಗೆ ಕಾಸಿನ ಗಳಿಕೆಯೂ ಇರಲಿಲ್ಲ. ತನಗಾಗಿ ಕೇಳುವುದು ತಪ್ಪೆಂದಲ್ಲ. ಆದರೆ ತನ್ನ ಕೋರಿಕೆಯ ವೆಚ್ಚವನ್ನು ಯಾರು ಹೊರುವರೆಂದು ಕೇಳಿಕೊಳ್ಳದವನ ಬಿನ್ನಪ ಪರಿಗ್ರಹದ ಇನ್ನೊಂದು ರೂಪವಾದೀತು.

ಮೂರನೆಯ ಅಂಶ ಎಲ್ಲಕ್ಕಿಂತ ಗಂಭೀರವಾದುದು. ನಿರ್ಣಾಯಕ ಮಾತು ನಡೆದ ಕೊಠಡಿಯಲ್ಲಿ ನೊಂದವನು ಇರಲೇ ಇಲ್ಲ. 1833ರಲ್ಲಿ ಪರಿಹಾರದ ಲೆಕ್ಕ ಬರೆಯುವಾಗ ಗುಲಾಮನಿರಲಿಲ್ಲ. 1844ರಲ್ಲಿ ಸಾಗಣೆಗೆ ಅನುಮತಿ ಕೊಡುವಾಗ ಕೂಲಿಯಿರಲಿಲ್ಲ. ಸಜ್ಜನರು ಗೆದ್ದೆವೆಂದು ಮನೆಗೆ ಹೋದ ಮೇಲೂ ವಣಿಕರು ಮೊಗಸಾಲೆಯಲ್ಲಿ ನಿಂತೇ ಇದ್ದರು.

ಸಂಘ-ಸಂಸ್ಥೆಗಳು, ಧರ್ಮದರ್ಶಿ ಮಂಡಲಿಗಳು ಜಮೀನಿಗಾಗಿ, ಅನುದಾನಕ್ಕಾಗಿ, ಕಾನೂನಿನ ತಿದ್ದುಪಡಿಗಾಗಿ ಸರ್ಕಾರದ ಬಾಗಿಲಿಗೆ ಹೋಗುವುದು ಸಹಜ; ಅದು ಪ್ರಜೆಯ ಹಕ್ಕೂ ಹೌದು. ಹಾರ, ಶಾಲು, ಫಲತಾಂಬೂಲಗಳೊಡನೆ ಮನವಿಪತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಈ ಪತ್ರವನ್ನು ಊರಿನ ನಡುವೆ ಗಟ್ಟಿಯಾಗಿ ಓದಬಹುದೆ? ಇದರಿಂದ ಬಾಧಿತನಾಗುವವನು ಎದುರಿಗೆ ನಿಂತು ಕೇಳಿಸಿಕೊಂಡರೂ ಓದುವವರ ಧ್ವನಿ ನಡುಗದಿದ್ದೀತೆ? ಕ್ಲಾರ್ಕ್‌ಸನ್ನನ ಆ ಪೆಟ್ಟಿಗೆ ಇಂದಿಗೂ ಅವನ ಹುಟ್ಟೂರಾದ ವಿಸ್ಬೀಚಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿದ್ದುದನ್ನು ಅವನು ಯಾರೆದುರು ಬೇಕಾದರೂ ತೆರೆದು ತೋರಿಸಬಲ್ಲವನಾಗಿದ್ದನು.